ಭುಜ ಉಳಿಸೋಕೆ ಹೋಗಿ ಕಿವಿ ಮಾರಬೇಡಿ

ನಿನ್ನೆ ಬೆಳಗ್ಗೆ ಅಳೆದಾಗ 85 ಸೆಂಟ್ ಮಳೆ. ರೋಬಸ್ಟಾದಲ್ಲಿ ಕಾಯಿ ಉದುರೋದು ಇನ್ನೂ ನಿಂತಿಲ್ಲ. ಕೆಳಗಿನ ಪಟ್ಟೆಯಲ್ಲಿ ಕಪ್ಪು ಕೊಳೆ ಅಲ್ಲಲ್ಲಿ ಇದೆ, ಕೊಳೆತ ಎಲೆ ಗೊಂಚಲು ಕಿತ್ತು ಹೊರಗೆ ಹಾಕಿಸ್ತಾ ಇದ್ದೀನಿ. ಮೆಣಸಿಗೆ ಎರಡನೇ ಬೋರ್ಡೋ ಹೊಡೆಯೋಕೆ ಒಂದು ದಿನದ ಬಿಸಿಲು ಬೇಕು, ಸಿಗ್ತಾ ಇಲ್ಲ. ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ. ಇವತ್ತು ಕೋವಿ ವಿಷಯ.

ಕೈಲ್‌ಪೊಳ್ದ್ ಹತ್ತಿರ ಬಂತು. ನಾಟಿ ಮುಗಿದು, ಕೋವಿ ಎಣ್ಣೆ ಒರೆಸಿ ಹೊರಗೆ ತೆಗೆಯೋ ಸಮಯ. ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯಗಳು ಊರೂರಲ್ಲಿ ಶುರುವಾಗ್ತವೆ. ಈ ಹದಿನೈದು ದಿನದಲ್ಲಿ ನನಗೆ ನಾಲ್ಕು ಜನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು: "ಬೋಲ್ಟ್ ರೈಫಲ್ಲಿಗೆ ಕಡಿಮೆ ರೇಟಿನ ಮಝಲ್ ಬ್ರೇಕ್ ಯಾವುದು ಒಳ್ಳೇದು? ಒದೆತ ಅರ್ಧಕ್ಕರ್ಧ ಕಡಿಮೆ ಆಗುತ್ತಂತೆ, ಹೌದಾ?"

ನಾಲ್ಕೂ ಜನಕ್ಕೆ ಒಂದೇ ಉತ್ತರ ಕೊಟ್ಟೆ. ಒದೆತ ಕಡಿಮೆ ಆಗೋದು ನಿಜ, ಆದರೆ ತಗೋಬೇಡಿ. ನಾಲ್ಕರಲ್ಲಿ ಇಬ್ಬರು ನಕ್ಕರು. ಒಬ್ಬರು "ನಿಮಗೆ ಹೊಸದು ಏನು ಬಂದ್ರೂ ಆಗಲ್ಲ" ಅಂದ್ರು. ಆಗಲಿ. ಯಾಕೆ ಬೇಡ ಅಂತ ಪೂರ್ತಿ ಬರೀತೀನಿ, ಓದಿ ಆಮೇಲೆ ಬೈಯಿರಿ.

ಮೊದಲು ನನ್ನ ಕಥೆ. ಎರಡು ವರ್ಷದ ಹಿಂದೆ ಇದೇ ದಿನಗಳಲ್ಲಿ ನನ್ನ ಚಿಕ್ಕಪ್ಪನ ಮಗ ತನ್ನ .315 ರೈಫಲ್ಲಿಗೆ ಒಂದು ಬ್ರೇಕ್ ಹಾಕಿಸಿಕೊಂಡು ಬಂದ. ನಳಿಗೆ ಬಾಯಿಗೆ ಕ್ಲಾಂಪ್ ಹಾಕಿ ಬಿಗಿಯೋ ಮಾದರಿ, ಎರಡು ಚೀಲ ಡಿಎಪಿ ರೇಟು. ಹಿಂದೆ ಎತ್ತರದ ಮಣ್ಣಿನ ಬರೆ ಇರೋ ಜಾಗ, ಎಲ್ಲಾ ನಿಯಮ ಪ್ರಕಾರವೇ ನಿಂತಿದ್ವಿ. ಅವನು ಗುಂಡು ಹೊಡೆದ, ನಾನು ಅವನ ಬಲಕ್ಕೆ ಎರಡು ಮಾರು ದೂರದಲ್ಲಿ ನಿಂತು ಬೈನಾಕ್ಯುಲರ್ ಹಿಡಿದು ಗುರಿ ನೋಡ್ತಾ ಇದ್ದೆ. ಕಿವಿಗೆ ಏನೂ ಹಾಕಿರಲಿಲ್ಲ. ಮೂವತ್ತು ವರ್ಷದಿಂದ ಹಾಗೇ ನಿಂತಿದ್ದೀನಲ್ಲ, ಇವತ್ತು ಏನು ಹೊಸದು ಅಂತ.

ಅವನಿಗೆ ಖುಷಿಯೋ ಖುಷಿ. "ಅಣ್ಣ, ಹೆಗಲಿಗೆ ಗೊತ್ತೇ ಆಗ್ಲಿಲ್ಲ!" ಅಂದನಂತೆ. ಅಂದನಂತೆ ಅಂತ ಯಾಕೆ ಹೇಳ್ತೀನಿ ಅಂದ್ರೆ ನನಗೆ ಕೇಳಿಸಲಿಲ್ಲ. ಕಪಾಳಕ್ಕೆ ಹಲಗೆಯಲ್ಲಿ ಹೊಡೆದ ಹಾಗಾಯ್ತು, ಆಮೇಲೆ ಎಡಗಿವಿಯಲ್ಲಿ ಜೀರುಂಡೆ ಕೂಗೋಕೆ ಶುರುವಾಯ್ತು. ಮೂರು ದಿನ ಕೂಗಿತು. ನಾಲ್ಕನೇ ದಿನ ಸಣ್ಣಗಾಯ್ತು, ಸರಿ ಹೋಯ್ತು ಅಂದುಕೊಂಡೆ. ಇವತ್ತಿಗೂ ರಾತ್ರಿ ಮಲಗಿದಾಗ ಕೂಗುತ್ತೆ.

ಎರಡು ತಿಂಗಳ ಮೇಲೆ ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿದಾಗ ಗ್ರಾಫ್ ತೋರಿಸಿದ್ರು. 4000 ಹರ್ಟ್ಜ್ ಹತ್ತಿರ ಗೆರೆ ಹಳ್ಳಕ್ಕೆ ಬಿದ್ದಿದೆ. ಗುಂಡಿನ ಸದ್ದಿಗೆ, ಪಟಾಕಿ ಸದ್ದಿಗೆ ಹೋದ ಕಿವಿಯ ಗುರುತು ಅದೇ ಅಂತೆ. ಒಳಗಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಕೋಶಗಳಿರ್ತವೆ, ಅವು ಒಮ್ಮೆ ಸತ್ರೆ ಮತ್ತೆ ಹುಟ್ಟಲ್ಲ. "ಆದ ಎರಡು ಮೂರು ದಿನದೊಳಗೆ ಬರಬೇಕಿತ್ತು, ಆಗ ಏನಾದ್ರೂ ಪ್ರಯತ್ನ ಮಾಡಬಹುದಿತ್ತು" ಅಂದ್ರು. ಆ ತಪ್ಪು ನಂದು. ನೀವು ಮಾಡಬೇಡಿ.

ಒಂದು ಕಿವಿ ಸ್ವಲ್ಪ ಮಂಕಾದ್ರೆ ಏನಾಯ್ತು ಅಂತ ನಾನೂ ಅಂದುಕೊಂಡಿದ್ದೆ. ಆ ವರ್ಷ ಕಾಪಿ ಕುಯ್ಲಿನ ಮುಂಚೆ ಒಂದು ರಾತ್ರಿ ಹತ್ತು ಗಂಟೆಗೆ ಮರ ಸಿಗಿಯೋ ಸದ್ದು ಕೇಳಿಸ್ತು. ಆನೆ ಬೈನೆ ಮರಕ್ಕೆ ಬಿದ್ದಿದೆ ಅಂತ ಗೊತ್ತಾಯ್ತು. ಯಾವ ಕಡೆ? ನನ್ನ ಕಿವಿ ಬಲಗಡೆ, ಗದ್ದೆ ಕಡೆ ಅಂತು. ಲೈನ್‌ಮನೆಯವರನ್ನ ಎಚ್ಚರಿಸೋಣ ಅಂತ ಎಡಗಡೆ ದಾರಿಯಲ್ಲಿ ಟಾರ್ಚ್ ಹಿಡಿದು ಹೊರಟೆ. ಜೊತೆಗಿದ್ದ ಕೆಲಸದ ಹುಡುಗ ಹಿಂದಿನಿಂದ ಅಂಗಿ ಹಿಡಿದು ಎಳೆದ. ಆನೆ ಇದ್ದಿದ್ದು ಎಡಗಡೆ ಕಾಪಿಯೊಳಗೆ, ನಮ್ಮಿಂದ ಇಪ್ಪತ್ತು ಹೆಜ್ಜೆ. ಸದ್ದು ಯಾವ ದಿಕ್ಕಿಂದ ಬಂತು ಅಂತ ಗೊತ್ತಾಗಬೇಕಾದ್ರೆ ಎರಡೂ ಕಿವಿ ಸಮ ಇರಬೇಕು. ಅದು ನನಗೆ ಆ ರಾತ್ರಿ ಗೊತ್ತಾಯ್ತು.

ನಮ್ಮ ಕಡೆ ಸೋಲಾರ್ ಬೇಲಿ, ಕಂದಕ, ರೈಲ್ವೆ ಕಂಬಿ ಬೇಲಿ ಎಲ್ಲಾ ಆಮೇಲೆ. ಕಾಡಂಚಿನಲ್ಲಿ ಇರೋನಿಗೆ ಮೊದಲ ಬೇಲಿ ಕಿವಿ. ಅದನ್ನ ಎರಡು ಚೀಲ ಗೊಬ್ಬರದ ರೇಟಿಗೆ ಮಾರಿಕೊಂಡೆ ನಾನು. ಅದೂ ಬೇರೆಯವನ ಹೆಗಲು ನೋಯಬಾರದು ಅಂತ.

ಈಗ ಈ ಸಾಮಾನು ಕೆಲಸ ಮಾಡೋದು ಹೇಗೆ ಅಂತ ನೋಡೋಣ. ನಾವೆಲ್ಲ ಫೆಬ್ರವರಿ ಮಾರ್ಚಲ್ಲಿ ಕಾಪಿ ಹೂವಿಗೆ ನೀರು ಕೊಟ್ಟವರೇ. ಪೈಪಿನ ತುದಿ ಕೈಯಲ್ಲಿ ಹಿಡಿದಾಗ ನೀರು ಮುಂದಕ್ಕೆ ಚಿಮ್ಮುತ್ತೆ, ಪೈಪು ನಮ್ಮನ್ನ ಹಿಂದಕ್ಕೆ ತಳ್ಳುತ್ತೆ. ಅದೇ ತುದಿಗೆ ಒಂದು ಟೀ ಹಾಕಿದ್ರೆ ನೀರು ಎರಡು ಪಕ್ಕಕ್ಕೆ ಹೋಗುತ್ತೆ, ಹಿಂದಕ್ಕೆ ತಳ್ಳೋದು ನಿಲ್ಲುತ್ತೆ. ಆದರೆ ಪಕ್ಕದಲ್ಲಿ ನಿಂತವನು ಪೂರ್ತಿ ಒದ್ದೆ. ಮಝಲ್ ಬ್ರೇಕ್ ಅಂದ್ರೆ ಆ ಟೀ, ಅಷ್ಟೇ. ಗುಂಡಿನ ಹಿಂದೆ ಬರೋ ಮದ್ದಿನ ಗ್ಯಾಸನ್ನ ಮುಂದಕ್ಕೆ ಬಿಡದೆ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ತಿರುಗಿಸುತ್ತೆ. ಗ್ಯಾಸಿನ ಜೊತೆ ಸದ್ದೂ ಪಕ್ಕಕ್ಕೆ, ಹಿಂದಕ್ಕೆ ತಿರುಗುತ್ತೆ. ಒದೆತ ಕಡಿಮೆ ಮಾಡಿ ಸದ್ದು ಹೆಚ್ಚು ಮಾಡದ ಬ್ರೇಕ್ ಅಂತ ಯಾರಾದ್ರೂ ಮಾರಿದ್ರೆ ಅವನು ಒಂದೋ ಸುಳ್ಳು ಹೇಳ್ತಿದ್ದಾನೆ, ಇಲ್ಲಾ ಬೇರೆ ಏನನ್ನೋ ಮಾರ್ತಿದ್ದಾನೆ. ಆ ಬೇರೆ ಏನೋ ವಿಷಯಕ್ಕೆ ಆಮೇಲೆ ಬರ್ತೀನಿ.

ಲೆಕ್ಕ ನೋಡಿ. ಕಳೆ ಕೊಚ್ಚೋ ಮೆಷಿನ್ ಸದ್ದು 100 ಡೆಸಿಬೆಲ್ ಆಸುಪಾಸು. ಸಾಮಾನ್ಯ .22 ರೈಫಲ್ ಸುಮಾರು 140. ದೊಡ್ಡ ತೋಟಾದ ರೈಫಲ್ 155ರಿಂದ 165. ಬ್ರೇಕ್ ಹಾಕಿದ್ರೆ ಹೊಡೆಯೋನ ಕಿವಿ ಹತ್ತಿರ ಅದರ ಮೇಲೆ ಇನ್ನೂ 5ರಿಂದ 10 ಏರುತ್ತೆ. ಹತ್ತು ಅಂದ್ರೆ ಸ್ವಲ್ಪ ಅಂದುಕೋಬೇಡಿ, ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿದ್ರೆ ಶಕ್ತಿ ಹತ್ತು ಪಟ್ಟು. ಇಂಥ ಒಂದೇ ಏಟಿನ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ದೊಡ್ಡವರಿಗೆ 140, ಮಕ್ಕಳಿಗೆ 120. ಪಂದ್ಯದ ಜಾಗದಲ್ಲಿ ಹಗ್ಗದ ಆಚೆ ಯಾರು ನಿಂತಿರ್ತಾರೆ? ಶಾಲೆಗೆ ಹೋಗೋ ಮಕ್ಕಳು. ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು.

ಸರಿ, ಅಷ್ಟಾದ್ರೂ ನಮ್ಮ ಕೋವಿಗಳಿಗೆ ಇದರಿಂದ ಲಾಭ ಎಷ್ಟು? ಬ್ರೇಕ್ ತಡೆಯೋದು ಗ್ಯಾಸಿನ ಒದೆತ ಮಾತ್ರ. ಗುಂಡಿನ ತೂಕದಿಂದ ಬರೋ ಒದೆತಕ್ಕೆ ಅದು ಏನೂ ಮಾಡಲ್ಲ, ಯಾಕಂದ್ರೆ ಗುಂಡು ಮುಂದಕ್ಕೇ ಹೋಗಬೇಕಲ್ಲ. ಹಾಗಾಗಿ ಮದ್ದು ಜಾಸ್ತಿ ಇರೋ ತೋಟಾಕ್ಕೆ ಲಾಭ ಜಾಸ್ತಿ. ಅಮೆರಿಕದವರು ಹೇಳೋ .300 ವಿಂಚೆಸ್ಟರ್ ಮ್ಯಾಗ್ನಂ ತಗೊಳ್ಳಿ. ಗುಂಡು ಸುಮಾರು 11.7 ಗ್ರಾಂ, ಮದ್ದು ಸುಮಾರು 4.5 ಗ್ರಾಂ. ಮದ್ದೇ ಗುಂಡಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅಂಥ ರೈಫಲ್ಲಿಗೆ ಒಳ್ಳೆ ಬ್ರೇಕ್ ಹಾಕಿದ್ರೆ ಒದೆತ ಅರ್ಧದಷ್ಟು ಇಳಿಯಬಹುದು. ನಿಮ್ಮ ಫೋನಲ್ಲಿ ಬರೋ ವಿಡಿಯೋದಲ್ಲಿ ತೋರಿಸೋದು ಅದನ್ನೇ.

ನಮ್ಮ ಹತ್ತಿರ ಇರೋದು ಏನು? .22 ಬೋಲ್ಟ್ ರೈಫಲ್. ಅದರ ಗುಂಡು 2.6 ಗ್ರಾಂ, ಒದೆತ ಅನ್ನೋದೇ ಇಲ್ಲ. ಅದಕ್ಕೆ ಬ್ರೇಕ್ ಹಾಕೋದು ಅಂದ್ರೆ ಸೈಕಲ್ಲಿಗೆ ಏರ್‌ಬ್ಯಾಗ್ ಹಾಕಿದ ಹಾಗೆ. ಆದ್ರೂ ಹಾಕ್ತಿದ್ದಾರೆ, ನೋಡೋಕೆ ಚೆನ್ನಾಗಿ ಕಾಣುತ್ತೆ ಅಂತ! ಎರಡನೇದು 12 ಬೋರ್. ಅದರಲ್ಲಿ ಚರೆ ಮೂವತ್ತು ಗ್ರಾಂ ಮೇಲೆ, ಮದ್ದು ಎರಡು ಗ್ರಾಂ ಆಸುಪಾಸು. ಒದೆತ ಬರೋದು ಚರೆಯ ತೂಕದಿಂದ. ಬ್ರೇಕ್ ಅಲ್ಲಿ ಹೆಚ್ಚೇನೂ ಮಾಡಲ್ಲ. ಮೂರನೇದು ನಮ್ಮ .315. ಇಷಾಪುರದ ಕಾರ್ಖಾನೆಯಲ್ಲಿ ಲೀ ಎನ್‌ಫೀಲ್ಡ್ ಮಾದರಿಯಲ್ಲಿ ಮಾಡಿದ ಹಳೇ ರೈಫಲ್. ಬ್ರಿಟಿಷರ ಕಾಲದಲ್ಲಿ ಸೈನ್ಯದ ತೋಟಾ ಜನಸಾಮಾನ್ಯರ ಕೈಗೆ ಹೋಗಬಾರದು ಅಂತ ಮಾಡಿದಾಗ ಬಂದ ಅಳತೆ ಅದು. ಗುಂಡು ಭಾರ, ವೇಗ ನಿಧಾನ. ಒದೆತ ಇದೆ, ಇಲ್ಲ ಅನ್ನಲ್ಲ. ಆದರೆ ಅದರಲ್ಲಿ ಭಾರವಾದ ಗುಂಡಿನ ಪಾಲೇ ದೊಡ್ಡದು. ಮ್ಯಾಗ್ನಂ ರೈಫಲ್ಲಿನ ವಿಡಿಯೋದಲ್ಲಿ ಕಂಡ ಲಾಭ ಇದರಲ್ಲಿ ಸಿಗಲ್ಲ. ಸದ್ದಿನಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಈಗ ಕಡಿಮೆ ರೇಟಿನ ವಿಷಯ. ಬ್ರೇಕ್ ಅಂದ್ರೆ ತೂತು ಕೊರೆದ ಕಬ್ಬಿಣದ ತುಂಡು, ಅದಕ್ಕೆ ಯಾಕೆ ಅಷ್ಟು ದುಡ್ಡು ಅಂತೀರಿ. ದುಡ್ಡು ಇರೋದು ಕಬ್ಬಿಣಕ್ಕಲ್ಲ, ನೇರಕ್ಕೆ. ಬ್ರೇಕಿನ ಮುಂದಿನ ತೂತು ಗುಂಡಿಗಿಂತ ಬರೀ ಅರ್ಧ ಮಿಲಿಮೀಟರ್ ಆಸುಪಾಸು ಅಗಲ ಇರುತ್ತೆ. ಅದು ನಳಿಗೆಯ ರಂಧ್ರದ ನೇರಕ್ಕೆ ಸರಿಯಾಗಿ ಕೂರಬೇಕು. ನಳಿಗೆಯ ಹೊರಮೈ ಹಿಡಿದು ಕೂರೋ ಕ್ಲಾಂಪ್ ಬ್ರೇಕಿಗೆ ಒಳಗಿನ ರಂಧ್ರ ಎಲ್ಲಿದೆ ಅಂತ ಹೇಗೆ ಗೊತ್ತು? ಹಳೇ ರೈಫಲ್ಲುಗಳಲ್ಲಿ ಹೊರಮೈ ಮಧ್ಯ ಮತ್ತು ರಂಧ್ರದ ಮಧ್ಯ ಒಂದೇ ಇರಬೇಕಂತ ಇಲ್ಲ. ಸ್ವಲ್ಪ ವಾಲಿದ್ರೂ ಗುಂಡು ಬ್ರೇಕಿನ ಗೋಡೆಗೆ ತಾಗುತ್ತೆ. ತಾಗಿದ್ರೆ ಗುರಿ ತಪ್ಪೋದು ಸಣ್ಣ ವಿಷಯ, ಬ್ರೇಕೇ ಕಿತ್ತು ಹಾರಬಹುದು. ಜೊತೆಗೆ ಪ್ರತಿ ಏಟಿಗೂ ಗ್ಯಾಸು ಅದನ್ನ ಮುಂದಕ್ಕೆ ಎಳೀತಾ ಇರುತ್ತೆ, ಎರಡು ಸ್ಕ್ರೂ ಎಷ್ಟು ದಿನ ತಡೀತಾವೆ?

ಇನ್ನೊಂದು ಮೋಸ ಅಳತೆಯಲ್ಲಿ. ಹೊರದೇಶದ ಬ್ರೇಕುಗಳಲ್ಲಿ ಜಾಸ್ತಿ ಬರೋದು .30 ಅಳತೆಗೆ. ಆ ಗುಂಡಿನ ದಪ್ಪ 7.82 ಮಿಲಿಮೀಟರ್. ನಮ್ಮ .315 ಗುಂಡು 8 ಮಿಲಿಮೀಟರ್ ಜಾತಿಯದು. ".30, .315 ಎರಡಕ್ಕೂ ಆಗುತ್ತೆ" ಅಂತ ಯಾರಾದ್ರೂ ಹೇಳಿದ್ರೆ ವರ್ನಿಯರ್ ಕ್ಯಾಲಿಪರ್ ತಂದು ತೂತು ಅಳೀರಿ. ಆ ಅರ್ಧ ಮಿಲಿಮೀಟರ್ ಸಂದು ಅಲ್ಲೇ ಮುಗಿದು ಹೋಗಿರುತ್ತೆ.

ಇನ್ನು ಸರಿಯಾದ ದಾರಿ ಅಂದ್ರೆ ನಳಿಗೆ ತುದಿಗೆ ಮರೆ ಕತ್ತರಿಸಿ ತಿರುಗಿಸಿ ಕೂರಿಸೋದು. ಅಮೆರಿಕದಲ್ಲಿ .30 ಅಳತೆಗೆ 5/8 ಇಂಚಿಗೆ 24 ಹಲ್ಲು, .22ಕ್ಕೆ ಅರ್ಧ ಇಂಚಿಗೆ 28 ಹಲ್ಲು ಅಂತ ರೂಢಿ ಇದೆ, ಕಾರ್ಖಾನೆಯಿಂದಲೇ ಮರೆ ಹಾಕಿ ಬರ್ತವೆ. ನಮ್ಮ ಹಳೇ ರೈಫಲ್ಲಿನಲ್ಲಿ ನಳಿಗೆ ತುದಿಯಲ್ಲೇ ಮುಂದಿನ ಸೈಟ್ ಕೂತಿದೆ. ಮರೆ ಹಾಕಬೇಕಂದ್ರೆ ಅದನ್ನ ಕಿತ್ತು ಹಿಂದಕ್ಕೆ ಸರಿಸಬೇಕು. ಕಡಿಮೆ ರೇಟಿನ ಬ್ರೇಕ್ ಅಲ್ಲಿಗೆ ಕಡಿಮೆ ರೇಟಿಂದು ಅಲ್ಲ. ಅಪ್ಪ, ಅಜ್ಜನಿಂದ ಬಂದ ಕೋವಿಯ ಬಾಯಿ ಕೆಡಿಸೋಕೆ ನಾವು ಕೊಡೋ ಮುಂಗಡ ಅದು.

ಕಾನೂನು ಕೂಡ ಹೇಳಿಬಿಡ್ತೀನಿ, ಯಾಕಂದ್ರೆ ಇದರ ಬಗ್ಗೆ ನಮ್ಮಲ್ಲಿ ತುಂಬಾ ತಪ್ಪು ತಿಳುವಳಿಕೆ ಇದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 2029ರ ಅಕ್ಟೋಬರ್ 31ರವರೆಗೆ ಲೈಸೆನ್ಸ್ ರಿಯಾಯಿತಿ ಇದೆ. 2021ರಲ್ಲಿ ಹೈಕೋರ್ಟ್ ಅದನ್ನ ಎತ್ತಿ ಹಿಡಿಯಿತು. ಆದರೆ ಆ ರಿಯಾಯಿತಿ ಕೋವಿ ಇಟ್ಟುಕೊಳ್ಳೋಕೆ, ಒಯ್ಯೋಕೆ. ಲೇತಿಗೆ ಕಟ್ಟಿ ಕೊರೆಸೋಕೆ ಅಲ್ಲ. ಕೋವಿ ರಿಪೇರಿ, ಬದಲಾವಣೆ ಮಾಡೋ ಕೆಲಸಕ್ಕೆ ಆಯುಧ ಕಾಯ್ದೆ ಪ್ರಕಾರ ಬೇರೆ ಲೈಸೆನ್ಸ್ ಬೇಕು. ಪಂಪ್ ಶಾಫ್ಟ್ ತಿರುಗಿಸೋ ಲೇತ್ ಅಂಗಡಿಯವನ ಹತ್ತಿರ ಅದು ಇರಲ್ಲ. ಅವನಿಗೂ ತೊಂದರೆ, ನಿಮಗೂ ತೊಂದರೆ. ಆಯುಧದ ಬಿಡಿಭಾಗಗಳೂ ಕಾಯ್ದೆಯಲ್ಲಿ ಆಯುಧವೇ. ಅಂದ್ರೆ ಕೊರಿಯರ್‌ನಲ್ಲಿ ತರಿಸೋದು ಮೊಬೈಲ್ ಕವರ್ ತರಿಸಿದ ಹಾಗಲ್ಲ.

ಆಗಲೇ ಬೇರೆ ಏನೋ ಮಾರ್ತಿದ್ದಾನೆ ಅಂದೆನಲ್ಲ, ಅದು ಇದು. "ಬ್ರೇಕ್ ಕಮ್ ಫ್ಲ್ಯಾಶ್ ಹೈಡರ್", "ಸೌಂಡ್ ಕೂಡ ಕಮ್ಮಿ" ಅಂತ ಬರೆದು ಕೆಲವು ಬರ್ತವೆ. ಗುಂಡಿನ ಸದ್ದು ಅಥವಾ ಬೆಂಕಿ ಬೆಳಕು ಕಡಿಮೆ ಮಾಡೋಕೆ ಅಂತ ಮಾಡಿದ ಸಾಮಾನು ನಮ್ಮ ಆಯುಧ ನಿಯಮಗಳಲ್ಲಿ ನಿಷೇಧಿತ ಪಟ್ಟಿಯಲ್ಲಿದೆ. ಒದೆತ ಕಡಿಮೆ ಮಾಡೋದು ಬೇರೆ, ಬೆಳಕು ಮುಚ್ಚೋದು ಬೇರೆ. ಹೊರಗಿನಿಂದ ನೋಡಿದ್ರೆ ಎರಡೂ ತೂತಿನ ಕೊಳವೆ. ಸ್ಟೇಷನ್ನಿನಲ್ಲಿ ಕೂತು ಪೊಲೀಸರಿಗೆ ಟೀ ಪೈಪಿನ ಉದಾಹರಣೆ ಕೊಟ್ಟು ವ್ಯತ್ಯಾಸ ವಿವರಿಸೋ ಆಸೆ ಇದ್ರೆ ತರಿಸಿ. ಒಬ್ಬನ ಕೋವಿಯಲ್ಲಿ ಅಂಥದ್ದು ಸಿಕ್ಕಿದ್ರೆ ನಾಳೆ ಎಲ್ಲರ ರಿಯಾಯಿತಿ ಮೇಲೂ ಮಾತು ಬರುತ್ತೆ. ಚುನಾವಣೆ ಬಂದಾಗಲೆಲ್ಲ ಕೋವಿ ಠೇವಣಿ ವಿಷಯಕ್ಕೆ ಎಷ್ಟು ಓಡಾಡ್ತೀವಿ ಅಂತ ನೆನಪಿದೆಯಲ್ಲ?

"ಹೊರದೇಶದಲ್ಲಿ ಎಲ್ಲರೂ ಹಾಕ್ತಾರಲ್ಲ" ಅನ್ನೋ ಮಾತಿಗೆ ಉತ್ತರ. ಹಾಕ್ತಾರೆ. ದೂರದ ಗುರಿ ಪಂದ್ಯದವರು ಹಾಕೋದು ಸ್ಕೋಪ್ ಅಲುಗಾಡದೆ ತಮ್ಮ ಗುಂಡು ಎಲ್ಲಿ ಬಿತ್ತು ಅಂತ ತಾವೇ ನೋಡೋಕೆ. ಅಲ್ಲಿ ಸಾಲಿನಲ್ಲಿ ನಿಂತ ಪ್ರತಿಯೊಬ್ಬನೂ ಕಿವಿ ಮುಚ್ಚಿರ್ತಾನೆ, ಕೆಲವರು ಒಳಗೊಂದು ಮೇಲೊಂದು. ವಿಡಿಯೋದಲ್ಲಿ ಬ್ರೇಕ್ ನೋಡಿದ ನಮಗೆ ಆ ಕಿವಿ ಮುಚ್ಚಳ ಮಾತ್ರ ಕಾಣಲ್ಲ. ಅಲ್ಲೂ ಬೇಟೆಗಾರರ ಜೊತೆ ಹೋಗೋ ಗೈಡುಗಳಲ್ಲಿ ಎಷ್ಟೋ ಜನಕ್ಕೆ ಬ್ರೇಕ್ ಹಾಕಿದ ರೈಫಲ್ ಕಂಡ್ರೆ ಆಗಲ್ಲ. ಯಾಕೆ? ಪಕ್ಕದಲ್ಲಿ ನಿಲ್ಲೋನು ಗೈಡು.

ಹಾಗಾದ್ರೆ ಹೆಗಲು ನೋವಿಗೆ ಏನು ಮಾಡೋದು? ವಯಸ್ಸಾದವರಿಗೆ, ಹೆಣ್ಣುಮಕ್ಕಳಿಗೆ, ಹೊಸಬರಿಗೆ .315 ಒದೆಯುತ್ತೆ, ನಿಜ. ಅದಕ್ಕೆ ಅಗ್ಗದ, ಹಳೇ ದಾರಿ ಇದೆ.

ಒಂದು, ಹಿಡಿಯ ಹಿಂದೆ ಒಳ್ಳೆ ರಬ್ಬರ್ ಪ್ಯಾಡ್. ಸಾಕ್ಸ್ ಥರ ಹಾಕಿ ತೆಗೆಯೋದು ಸಿಗುತ್ತೆ, ಕೋವಿಗೆ ಒಂದು ಗೀರು ಕೂಡ ಬೀಳಲ್ಲ. ಒದೆತದ ಶಕ್ತಿ ಅಷ್ಟೇ ಇದ್ರೂ ಅದು ಬಂದು ತಾಗೋ ಹೊತ್ತು ಹಿಗ್ಗುತ್ತೆ, ಹೆಗಲಿನ ಜಾಗ ಅಗಲ ಆಗುತ್ತೆ. ಸುತ್ತಿಗೆ ಏಟು ತಳ್ಳಾಟ ಆಗುತ್ತೆ.

ಎರಡು, ಉದ್ದ ನೋಡಿ. ಅಜ್ಜನ ಕೈಯಳತೆಗೆ ಸರಿ ಇದ್ದ ಕೋವಿ ಮೊಮ್ಮಗನಿಗೆ ಗಿಡ್ಡ ಆಗಿರಬಹುದು, ಮೊಮ್ಮಗಳಿಗೆ ಉದ್ದ. ಪ್ಯಾಡ್ ಹಾಕಿದ್ರೆ ಇನ್ನೂ ಒಂದು ಇಂಚು ಉದ್ದ ಆಗುತ್ತೆ, ಅದನ್ನೂ ಲೆಕ್ಕ ಹಾಕಿ.

ಮೂರು, ಹಿಡಿಯೋ ರೀತಿ. ನೋವು ಅನ್ನೋರಲ್ಲಿ ಅರ್ಧ ಜನ ಕೋವಿಯನ್ನ ತೋಳಿನ ಮೂಳೆ ಮೇಲೆ ಇಟ್ಟಿರ್ತಾರೆ, ಒದೆತಕ್ಕೆ ಹೆದರಿ ಹೆಗಲಿಂದ ಒಂದು ಬೆರಳು ದೂರ ಹಿಡಿದಿರ್ತಾರೆ. ಹೆಗಲ ಗುಳಿಗೆ ಒತ್ತಿ ಹಿಡೀರಿ, ಸ್ವಲ್ಪ ಮುಂದಕ್ಕೆ ಬಾಗಿ. ಇದಕ್ಕೆ ಪೈಸೆ ಖರ್ಚಿಲ್ಲ.

ನಾಲ್ಕು, ಕಿವಿಗೆ ಪ್ಲಗ್, ಅದರ ಮೇಲೆ ಮಫ್. ಹತ್ತಿ ಉಂಡೆ ಪ್ರಯೋಜನ ಇಲ್ಲ. ಪ್ಲಗ್ಗನ್ನ ಬೆರಳಲ್ಲಿ ಹೊಸೆದು, ಕಿವಿ ಮೇಲಕ್ಕೆ ಎಳೆದು ಒಳಗೆ ಹಾಕಿ, ಅದು ಹಿಗ್ಗೋವರೆಗೆ ಒತ್ತಿ ಹಿಡೀಬೇಕು. ಹೊರಗೇ ನೇತಾಡ್ತಿದ್ರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ತಮಾಷೆ ಅಂದ್ರೆ ಕಿವಿ ಮುಚ್ಚಿದ ತಕ್ಷಣ ಒದೆತ ಕೂಡ ಕಡಿಮೆ ಅನ್ನಿಸುತ್ತೆ. ನಾವು ಹೆದರೋದು ಅರ್ಧ ಸದ್ದಿಗೆ.

ಇಷ್ಟೆಲ್ಲ ಸೇರಿಸಿದ್ರೂ ಆ ಕ್ಲಾಂಪ್ ಬ್ರೇಕಿನ ದುಡ್ಡೊಳಗೇ ಆಗುತ್ತೆ.

ಇಷ್ಟಾದ ಮೇಲೂ ಬ್ರೇಕ್ ಬೇಕೇ ಬೇಕು ಅನ್ನೋರಿಗೆ, ದೊಡ್ಡ ತೋಟಾದ ಹೊಸ ರೈಫಲ್ ಇರೋರಿಗೆ, ನನ್ನ ಮಾತು ಇಷ್ಟೇ. ಕ್ಲಾಂಪ್ ಬೇಡ. ಲೈಸೆನ್ಸ್ ಇರೋ ಕೋವಿ ಡೀಲರ್ ಬಿಟ್ಟು ಬೇರೆ ಕಡೆ ಹೋಗಬೇಡಿ, ಬಿಲ್ ಇಲ್ಲದೆ ತಗೋಬೇಡಿ. ಗುಂಡಿನ ಅಳತೆಗೆ ಸರಿಯಾದ ತೂತು ಇದೆಯಾ ನೋಡಿ, ನೇರ ಕೂತಿದೆಯಾ ಅಂತ ಅವರ ಹತ್ತಿರವೇ ಸರಳು ಹಾಕಿ ಪರೀಕ್ಷೆ ಮಾಡಿಸಿ. ಕೆಳಗಡೆ ತೂತು ಇರೋದು ಬೇಡ, ಮಲಗಿ ಹೊಡೆದ್ರೆ ಧೂಳು ಮಣ್ಣು ಮುಖಕ್ಕೆ ಬರುತ್ತೆ. ಹಾಕಿದ ಮೇಲೆ ಗುರಿ ಬದಲಾಗಿರುತ್ತೆ, ಮತ್ತೆ ಹೊಂದಿಸಬೇಕು. ಮತ್ತೆ, ಪಕ್ಕದಲ್ಲಿರೋ ಪ್ರತಿಯೊಬ್ಬರ ಕಿವಿಗೆ ಮುಚ್ಚಳ ನಿಮ್ಮ ಖರ್ಚಲ್ಲಿ. ಅದನ್ನೂ ಸೇರಿಸಿ ರೇಟು ಲೆಕ್ಕ ಹಾಕಿ, ಆಮೇಲೆ ಹೇಳಿ ಯಾವುದು ಅಗ್ಗ ಅಂತ.

ಪಂದ್ಯ ನಡೆಸೋ ಸಮಿತಿಯವರಿಗೂ ಒಂದು ಮಾತು. ಎಂಟ್ರಿ ಫೀಸ್ ಜೊತೆ ಒಂದು ಜೊತೆ ಪ್ಲಗ್ ಕೊಡಿ. ಬ್ರೇಕ್ ಹಾಕಿದ ಕೋವಿ ಸಾಲಿಗೆ ಬಿಡಬೇಡಿ. ಹಗ್ಗ ಇನ್ನೂ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಕಟ್ಟಿ. ಬೈಗುಳ ಬಂದ್ರೆ ನನ್ನ ಹೆಸರು ಹೇಳಿ.

ಚಿಕ್ಕಪ್ಪನ ಮಗ ಬ್ರೇಕ್ ಬಿಚ್ಚಿಟ್ಟು ಒಂದೂವರೆ ವರ್ಷ ಆಯ್ತು. ನಳಿಗೆ ತುದಿಯಲ್ಲಿ ಕ್ಲಾಂಪಿನ ಎರಡು ಗಾಯ ಹಾಗೇ ಇದೆ. ಅವನ ಮಗಳಿಗೆ ಈ ಸಲ ಹದಿನಾಲ್ಕು, ಅಪ್ಪನ ಜೊತೆ ಪಂದ್ಯ ನೋಡೋಕೆ ಬರ್ತಾಳೆ. ಕೆಂಪು ಬಣ್ಣದ ಮಫ್ ತರಿಸಿಕೊಟ್ಟಿದ್ದೀನಿ. ಅವಳ ಜೊತೆ ಬರೋ ಇನ್ನೂ ನಾಲ್ಕು ಮಕ್ಕಳಿಗೆ ಪ್ಲಗ್ ತೆಗೆದಿಟ್ಟಿದ್ದೀನಿ, ಯಾರಿಗಾದ್ರೂ ಬೇಕಿದ್ರೆ ಮನೆ ಕಡೆ ಬನ್ನಿ.

ಯಾರ ಕಿವಿಯಾದ್ರೂ ಗುಂಡಿನ ನಂತರ ಒಂದು ದಿನಕ್ಕಿಂತ ಜಾಸ್ತಿ ಕೂಗಿದ್ರೆ ಕಾಯಬೇಡಿ. ಮೈಸೂರು ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಮಾರನೇ ದಿನವೇ ಬಸ್ ಹತ್ತಿ.

ನಾಳೆ ಬಿಸಿಲು ಬಂದ್ರೆ ಬೋರ್ಡೋ.